ಮುಟ್ಟಿ ಕಲಿಯುವ ಶಾಲೆ ದೇವನಹಳ್ಳಿಗೂ ಬೇಕು

ರಜಾದಿನದಲ್ಲಿ ಮಕ್ಕಳೊಡನೆ ಹೊರಡುವ ದೇವನಹಳ್ಳಿಯ ಸಂಸಾರಸ್ಥರಿಗೆ ಹೆದ್ದಾರಿಯ ಎರಡು ದಿಕ್ಕಿನಲ್ಲಿಯೂ ಒಬ್ಬರೇ ಮಹನೀಯರ ಸ್ಮಾರಕಗಳು ದೊರೆಯುವುವು. ಉತ್ತರಕ್ಕೆ ಹೋದರೆ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ, ದಕ್ಷಿಣಕ್ಕೆ ಬಂದರೆ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರನ್ನು ಹೊತ್ತ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಮೊದಲನೆಯದು ಭಕ್ತಿಯಿಂದ ನೋಡತಕ್ಕದ್ದು. ಎರಡನೆಯದು ಕೈಯಿಟ್ಟು ತಿರುಗಿಸಿ ಕಲಿಯತಕ್ಕದ್ದು. ಈ ಎರಡನೆಯ ಬಗೆಯ ಶಿಕ್ಷಣವು ತಾಲ್ಲೂಕಿನ ಮಕ್ಕಳಿಗೆ ತಮ್ಮ ಊರಿನಲ್ಲಿಯೇ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಇದು ಹೊಸ ವಿಚಾರವೇನೂ ಅಲ್ಲ. 1899ರಲ್ಲಿಯೇ ಅಮೆರಿಕದ ಬ್ರೂಕ್ಲಿನ್ನಿನಲ್ಲಿ ಮಕ್ಕಳಿಗೆಂದೇ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. 1903ರಲ್ಲಿ ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರು ಮ್ಯೂನಿಕ್ ನಗರದಲ್ಲಿ ಸ್ಥಾಪಿಸಿದ ಸಂಸ್ಥೆಯು, ಯಂತ್ರಗಳನ್ನು ಪ್ರೇಕ್ಷಕರೇ ನಡೆಸಿ ನೋಡುವ ಪದ್ಧತಿಗೆ ಮಾದರಿಯಾಯಿತು. ಬೆಂಗಳೂರಿನ ಸಂಗ್ರಹಾಲಯದ ಕಟ್ಟಡವನ್ನು 1962ರ ಜುಲೈ 14ರಂದು ಪಂಡಿತ ಜವಾಹರಲಾಲ ನೆಹರೂ ಅವರು ಉದ್ಘಾಟಿಸಿದರು. 1965ರಲ್ಲಿ ವಿದ್ಯುಚ್ಛಕ್ತಿಯ ವಿಷಯವಾದ ಮೊದಲ ಅಂಕಣವು ತೆರೆಯಲ್ಪಟ್ಟಿತು. ಅಂದಿನಿಂದ ಎಷ್ಟೋ ತಲೆಮಾರುಗಳ ಮಕ್ಕಳು ಅಲ್ಲಿ ಗುಂಡಿಯೊತ್ತಿ, ಹಿಡಿ ತಿರುಗಿಸಿ, ಬೆರಗಾಗಿ ಮರಳಿದ್ದಾರೆ.

ದೇವನಹಳ್ಳಿಗೆ ಈ ವಿಷಯದಲ್ಲಿ ವಿಶೇಷವಾದ ಹಕ್ಕುಂಟು. 2008ರಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ಇಲ್ಲಿಯ ಮಕ್ಕಳ ತಲೆಯ ಮೇಲೆ ಹಗಲಿರುಳೂ ವಿಮಾನಗಳು ಹಾರುತ್ತಿವೆ. ಅಷ್ಟು ಭಾರವಾದ ಲೋಹದ ಹಕ್ಕಿಯು ಏಕೆ ಕೆಳಗೆ ಬೀಳದೆಂದು ಕೇಳಿದ ಹುಡುಗನಿಗೆ ಪಠ್ಯಪುಸ್ತಕದ ಎರಡು ವಾಕ್ಯಗಳು ಸಾಲವು. ಬೀಸುವ ಗಾಳಿಗೆ ಮಾದರಿಯ ರೆಕ್ಕೆಯೊಂದನ್ನು ಒಡ್ಡಿ, ಅದರ ಓರೆಯನ್ನು ತನ್ನ ಕೈಯಿಂದಲೇ ಬದಲಾಯಿಸಿ, ಅದು ಮೇಲೇಳುವುದನ್ನು ಕಂಡವನಿಗೆ ಬೇರೆ ವ್ಯಾಖ್ಯಾನವು ಬೇಕಿಲ್ಲ. ರೈಟ್ ಸೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯು ಕಸ್ತೂರಬಾ ರಸ್ತೆಯಲ್ಲಿದೆ. ಅದನ್ನು ನೋಡಬೇಕಾದರೆ ನಮ್ಮ ಹುಡುಗನು ಸುಮಾರು 40 ಕಿಲೋಮೀಟರು ಹೋಗಬೇಕು.

ಬೆಂಗಳೂರು ದೂರವಲ್ಲವೆಂದು ಕೆಲವರು ಹೇಳಬಹುದು. ಕಾರುಳ್ಳವರಿಗೆ ದೂರವಲ್ಲ, ನಿಜ. ಆದರೆ ದ್ರಾಕ್ಷಿಯ ತೋಟದಲ್ಲಿ ದುಡಿಯುವ ತಂದೆತಾಯಿಗಳು ಇಬ್ಬರು ಮಕ್ಕಳೊಡನೆ ಹೊರಟರೆ ಬಸ್ಸಿನ ಖರ್ಚು, ಪ್ರವೇಶದ ಶುಲ್ಕ, ಊಟದ ಖರ್ಚು, ಇವುಗಳ ಮೇಲೆ ಇಬ್ಬರ ಒಂದು ದಿನದ ಕೂಲಿಯೂ ಹೋಗುವುದು. ಶಾಲೆಯ ಪ್ರವಾಸದಲ್ಲಿಯೋ, ಸಾಲಿನಲ್ಲಿ ನಡೆದು ಒಂದು ಗಂಟೆಯಲ್ಲಿ ಎಲ್ಲವನ್ನೂ ಮುಗಿಸಬೇಕಾದ ಮಗುವು ಒಂದನ್ನಾದರೂ ಎರಡನೆಯ ಸಲ ಪರೀಕ್ಷಿಸಲಾರದು.

ಮಕ್ಕಳ ಕೈಗೆ ಕೊಟ್ಟ ವಸ್ತುಗಳು ಮುರಿಯುವುವೆಂಬುದು ಇನ್ನೊಂದು ಆಕ್ಷೇಪ. ಮುರಿಯುವುದು ಸಹಜ. ಆದುದರಿಂದಲೇ ಇಂಥ ಸಂಸ್ಥೆಗೆ ಅಮೃತಶಿಲೆಯ ಮುಂಬಾಗಿಲಿಗಿಂತ ಒಬ್ಬ ಬಡಗಿ, ಒಬ್ಬ ಫಿಟ್ಟರು, ವರ್ಷವರ್ಷವೂ ತಪ್ಪದ ದುರಸ್ತಿಯ ಹಣ, ಇವು ಅವಶ್ಯಕ. ಹೊಸ ಕಟ್ಟಡವೂ ಆರಂಭಕ್ಕೆ ಬೇಕಿಲ್ಲ. ಸರ್ಕಾರಿ ಶಾಲೆಯ ಒಂದು ವಿಶಾಲವಾದ ಕೊಠಡಿಯಲ್ಲಿ ರಾಟೆ, ಸನ್ನೆಗೋಲು, ಲೋಲಕ, ಮಸೂರ, ಅಯಸ್ಕಾಂತಗಳನ್ನಿಟ್ಟು, ಭಾನುವಾರಗಳಂದೂ ಬಾಗಿಲು ತೆರೆದರೆ ಸಾಕು. 1984ರಲ್ಲಿ ಕಲಬುರಗಿಗೆ ಜಿಲ್ಲಾ ವಿಜ್ಞಾನಕೇಂದ್ರವು ದೊರೆಯಿತು. ರಾಜಧಾನಿಯಿಂದ ಅಷ್ಟು ದೂರದಲ್ಲಿ ಸಾಧ್ಯವಾದುದು ಅದರ ನೆರೆಯಲ್ಲಿ ಅಸಾಧ್ಯವೆಂದು ಹೇಳಲಾಗದು.

ಹಿರಿಯರಿಗೂ ಒಂದು ಮಾತು. ಇಂಥ ಸ್ಥಳಕ್ಕೆ ಹೋದಾಗ ಫಲಕವನ್ನು ಗಟ್ಟಿಯಾಗಿ ಓದಿ, ಉತ್ತರವನ್ನು ಮೊದಲೇ ಹೇಳಿ, ಕೈಹಿಡಿದು ಮುಂದಕ್ಕೆ ಎಳೆದೊಯ್ಯುವುದು ಮಕ್ಕಳಿಗೆ ಮಾಡುವ ಉಪಕಾರವಲ್ಲ. ಒಂದು ದಿನದಲ್ಲಿ ಎರಡೇ ಅಂಕಣಗಳನ್ನು ನೋಡಿದರೂ ನಷ್ಟವಿಲ್ಲ. ಮಗುವು ತಪ್ಪಿ, ಮತ್ತೆ ಮಾಡಿ, ತಾನೇ ಕಂಡುಕೊಳ್ಳಲಿ.

ದೇವನಹಳ್ಳಿಯ ಸುತ್ತ ಹೊಸ ಬಡಾವಣೆಗಳೂ ಉದ್ಯಮಗಳೂ ಬೆಳೆಯುತ್ತಿವೆ. ಅವಕ್ಕಾಗಿ ನೆಲವನ್ನು ಬಿಟ್ಟುಕೊಟ್ಟ ರೈತರ ಮಕ್ಕಳು ಅಲ್ಲಿ ಕಾವಲುಗಾರರಾಗಿಯೇ ಉಳಿಯಬಾರದು. ಪುರಸಭೆಯೂ ಜಿಲ್ಲಾಡಳಿತವೂ ಇಲ್ಲಿಯ ಉದ್ಯಮಪತಿಗಳೂ ಕೂಡಿ ಮುಂದಿನ ಶಾಲಾವರ್ಷದೊಳಗಾಗಿ ಈ ಒಂದು ಕೊಠಡಿಯನ್ನು ಮಕ್ಕಳಿಗೆ ಒಪ್ಪಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.