ಮನೆ ಮಾರ್ಬೇಕಂದ್ರೆ ಬಾಬಾಸಾಹೇಬರ ಫೋಟೋ ಇಳಿಸ್ಬೇಕಂತೆ



ಚಳವಳಿ, ಚುನಾವಣೆ, ಒಳಮೀಸಲಾತಿ ಎಲ್ಲ ಬಿಟ್ಟು ಇವತ್ತು ಮನೆ ಮಾರೋದರ ಬಗ್ಗೆ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ. ನಿಮ್ಮಲ್ಲಿ ಬಹಳ ಜನರ ಅಪ್ಪಂದಿರು ಎಂಬತ್ತು-ತೊಂಬತ್ತರ ದಶಕದಲ್ಲಿ ಸರ್ಕಾರಿ ನೌಕರಿ ಹಿಡಿದು, ಕೇರಿ ಬಿಟ್ಟು ಪಟ್ಟಣಕ್ಕೆ ಬಂದು, ಹೊಟ್ಟೆ ಬಟ್ಟೆ ಕಟ್ಟಿ ಒಂದು ಮನೆ ಮಾಡಿದವರು. ಆ ತಲೆಮಾರು ಈಗ ಒಬ್ಬೊಬ್ಬರಾಗಿ ಹೋಗ್ತಿದೆ. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ. ಮನೆಗೆ ಬೀಗ. ಇವತ್ತಲ್ಲ ನಾಳೆ ಈ ಪ್ರಶ್ನೆ ನಿಮ್ಮ ಬಾಗಿಲಿಗೂ ಬರುತ್ತೆ.

ನಮ್ಮದು ತುಮಕೂರಿನಲ್ಲಿದೆ. ಅಪ್ಪ ಹೈಸ್ಕೂಲ್ ಮೇಷ್ಟ್ರು. 1991ರಲ್ಲಿ 30-40ರ ಸೈಟು ತಗೊಂಡು, ಜಿಪಿಎಫ್‌ನಿಂದ ಸಾಲ ಎತ್ತಿ, ಐದು ವರ್ಷ ಎಳೆದಾಡಿ ಮನೆ ಮುಗಿಸಿದ್ರು. ಎರಡು ರೂಮು, ಹಾಲು, ಅಡುಗೆಮನೆ, ಹಿಂದೆ ಒಂದು ನುಗ್ಗೆ ಮರ. ಅಪ್ಪ ಹೋಗಿ ಮೂರು ವರ್ಷ ಆಯ್ತು. ಅಮ್ಮನಿಗೆ ಕಿಡ್ನಿ ತೊಂದರೆ. ಬೆಂಗಳೂರಲ್ಲಿ ತಮ್ಮನ ಮನೇಲಿದಾರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ತಮ್ಮನ ಸಾಲ ಬೆಳೀತಾನೇ ಇದೆ. ಮಾರೋಣ ಅಂತ ನಾವು ಮೂವರು ಮಕ್ಕಳೂ ಅಮ್ಮನೂ ಕೂತು ತೀರ್ಮಾನ ಮಾಡಿ 14 ತಿಂಗಳಾಯ್ತು. ಅದೇ ರಸ್ತೇಲಿ ನಮಗಿಂತ ಹಳೇ ಮನೆ ಎರಡೂವರೆ ತಿಂಗಳಲ್ಲಿ ಹೋಯ್ತು. ಇನ್ನೊಂದು, ಬೋರ್ಡು ಹಾಕೋ ಮೊದಲೇ ಹೋಯ್ತು. ನಾವು ಕೇಳ್ತಿರೋದು 58 ಲಕ್ಷ, ಪಕ್ಕದ ಮನೆ ಹೋದ ರೇಟಿಗಿಂತ 2 ಲಕ್ಷ ಕಮ್ಮಿ. ಜನ ಬರ್ತಾರೆ, ನಲ್ಲಿ ತಿರುಗಿಸಿ ನೋಡ್ತಾರೆ, ಟೆರೇಸ್ ಹತ್ತಿ ಇಳೀತಾರೆ. ಹಾಲಿಗೆ ಬಂದು ಗೋಡೆ ನೋಡ್ತಾರೆ. 'ಮನೇಲಿ ಕೇಳಿ ಹೇಳ್ತೀವಿ' ಅಂತ ಹೋಗ್ತಾರೆ.

ಗೋಡೆ ಮೇಲೆ ಇರೋದು ನೀಲಿ ಸೂಟಿನ ಬಾಬಾಸಾಹೇಬ್ರು. ಪಕ್ಕದಲ್ಲಿ ಬುದ್ಧ. ಕೆಳಗೆ ಅಪ್ಪ.

ನಮ್ಮ ಬ್ರೋಕರ್ ಕೆಟ್ಟ ಮನುಷ್ಯ ಅಲ್ಲ, ಇದನ್ನ ಮೊದಲೇ ಹೇಳ್ಬೇಕು. 'ಮನೆ ಚೆನ್ನಾಗಿ ಕಾಣಂಗೆ ಮಾಡ್ಬೇಕು ಸಾರ್, ಪಾರ್ಟಿ ಒಳಗೆ ಕಾಲಿಟ್ಟ ತಕ್ಷಣ ಮನಸ್ಸಿಗೆ ಹಿಡಿಬೇಕು' ಅಂತ ಒಂದು ಪಟ್ಟಿ ಕೊಟ್ಟ. ಆ ಪಟ್ಟಿ ಸರಿಯಾಗೇ ಇತ್ತು, ನೀವೂ ಇಟ್ಕೊಳ್ಳಿ. ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ವಿ. ಪಶ್ಚಿಮದ ಗೋಡೆ ತೇವ ಹಿಡಿದು ಬಣ್ಣ ಉದುರ್ತಿತ್ತು. ಬರೀ ಸುಣ್ಣ ಬಳಿದ್ರೆ ಮಳೆಗಾಲಕ್ಕೆ ಮತ್ತೆ ಬರುತ್ತೆ ಅಂತ ಗಾರೆ ಕೆತ್ತಿಸಿ ಹೊಸದಾಗಿ ಪ್ಲಾಸ್ಟರಿಂಗ್ ಮಾಡಿಸಿದ್ವಿ. ಸಂಪು ತೊಳೆಸಿ, ಹಳೇ ಸ್ವಿಚ್‌ಬೋರ್ಡ್ ಬದಲಾಯಿಸಿ, ಕಿಟಕಿಗೆ ಅಡ್ಡ ಇಟ್ಟಿದ್ದ ಬೀರು ಪಕ್ಕಕ್ಕೆ ಸರಿಸಿದ್ವಿ. ಹಾಲಿಗೆ ಅಷ್ಟು ಬೆಳಕು ಬರುತ್ತೆ ಅಂತ ನಮಗೇ ಗೊತ್ತಿರಲಿಲ್ಲ. ಒಟ್ಟು 1 ಲಕ್ಷ 10 ಸಾವಿರ ಖರ್ಚು. ಬೀಗ ಹಾಕಿದ ಮನೆಗೆ ಮುಗ್ಗಲು ವಾಸನೆ ಬರುತ್ತೆ, ವಾರಕ್ಕೊಂದು ದಿನ ಯಾರಾದ್ರೂ ಹೋಗಿ ಕಿಟಕಿ ತೆಗೆದಿಡಿ. ಕಾಗದಪತ್ರ ಅಂತೂ ಮೊದಲ ದಿನವೇ ಕೈಯಲ್ಲಿರಲಿ: ಕ್ರಯಪತ್ರ, ಭೂ ಪರಿವರ್ತನೆ ಆದೇಶದ ಪ್ರತಿ, ಇಸಿ, ಇ-ಖಾತಾ, ಕಂದಾಯ ರಶೀದಿ, ಅಪ್ಪ ಹೋಗಿದ್ರೆ ಮರಣ ಪ್ರಮಾಣಪತ್ರ, ವಂಶವೃಕ್ಷ. ಹೆಣ್ಣುಮಕ್ಕಳ ಸಹಿ ಕೊನೇಲಿ ಹಾಕಿಸಿದ್ರಾಯ್ತು ಅಂದ್ಕೋಬೇಡಿ, ಮೊದಲೇ ಮಾತಾಡಿ. ಅವರ ಪಾಲು ಅವರದು.

ಇಷ್ಟೆಲ್ಲ ಆಗಿ ನಾಲ್ಕು ತಿಂಗಳಾದ ಮೇಲೆ ಬಂತು ಎರಡನೇ ಪಟ್ಟಿ. ಅದನ್ನ ಅವನು ಫೋನಲ್ಲಿ ಹೇಳಲಿಲ್ಲ, ಮನೆ ಹತ್ರ ಬಂದು ದನಿ ತಗ್ಗಿಸಿ ಹೇಳ್ದ.

ಗೇಟ್ ಪಕ್ಕದ ಗ್ರಾನೈಟ್ ಕಲ್ಲಿನಲ್ಲಿ ಅಪ್ಪ 'ಪ್ರಬುದ್ಧ' ಅಂತ ಕೆತ್ತಿಸಿದಾರೆ. ಅದನ್ನ ಕೀಳಿಸಿ ಯಾವುದಾದ್ರೂ ದೇವರ ಹೆಸರು ಹಾಕ್ಸಬೇಕಂತೆ. ಗೇಟಿನ ನೀಲಿ ಬಣ್ಣ ತೆಗೆದು ಕಂದು ಬಣ್ಣ. ಸಿಮೆಂಟಿನ ರೆಡಿಮೇಡ್ ತುಳಸಿಕಟ್ಟೆ ಸಿಗುತ್ತೆ, ಒಂದು ತಂದು ಮುಂದೆ ಇಡಬೇಕು. ಬಾಗಿಲ ಮೇಲೆ ಗಣಪತಿ ಟೈಲ್ಸು. ಅಪ್ಪನ ಬೀರುವಿನ ಪುಸ್ತಕ, 'ಪಂಚಮ'ದ ಹಳೇ ಸಂಚಿಕೆಗಳು, ಕರಪತ್ರದ ಕಟ್ಟುಗಳೆಲ್ಲ ಒಳಗೆ. 'ಭಾನುವಾರ ನೀವು ಬಂದಾಗ ಬಾಡು ಬೇಯಿಸ್ಬೇಡಿ ಸಾರ್, ಪಾರ್ಟಿಗಳು ಬರೋದೇ ಭಾನುವಾರ.' ಕೊನೆಗೆ ಫೋಟೋ. 'ಬಿಸಾಕಿ ಅಂತಿಲ್ಲ ಸಾರ್. ವ್ಯಾಪಾರ ಮುಗಿಯೋವರೆಗೆ ಅಟ್ಟದ ಮೇಲೆ ಇಡಿ.'

ಬೇರೆಯವರಿಗೆ ಮನೆ ಚೆನ್ನಾಗಿ ಕಾಣಬೇಕು ಅಂದ್ರೆ ಬೆಳಕು, ಗಾಳಿ, ಬಣ್ಣ. ನಮಗೆ ಮಾತ್ರ, ಆ ಮನೇಲಿ ನಾವು ಇರಲೇ ಇಲ್ಲ ಅನ್ನಂಗೆ ಮಾಡೋದು.

ಇದರಲ್ಲಿ ಮಡಿ ಎಷ್ಟು, ವ್ಯಾಪಾರ ಎಷ್ಟು ಅನ್ನೋದನ್ನೂ ನೋಡಿ. ಒಬ್ಬ ಪಾರ್ಟಿ ಎರಡು ಸಲ ಬಂದು ಹೋದ. ಅಡುಗೆಮನೆ ಕಟ್ಟೆ ಕಿತ್ತು ಹೊಸದು ಹಾಕಿಸ್ಬೇಕು, ನೆಲ ಬದಲಾಯಿಸ್ಬೇಕು, ಹೋಮ ಮಾಡಿಸ್ಬೇಕು, 'ನಿಮಗೇ ಗೊತ್ತಲ್ಲ' ಅಂದ. ಕೊನೆಗೆ 46 ಲಕ್ಷಕ್ಕೆ ಬಂದ. ಆ ಕಟ್ಟೆ ಕಲ್ಲು ಹಾಕಿಸಿ ನಾಲ್ಕು ವರ್ಷ ಆಗಿಲ್ಲ, ಒಂದು ಗೀರಿಲ್ಲ. 58 ಲಕ್ಷಕ್ಕೆ ಮೈಲಿಗೆಯಾಗಿರೋ ಮನೆ 46ಕ್ಕೆ ಮೈಲಿಗೆ ಅಲ್ಲ! ಮುಟ್ಟು-ತಟ್ಟು ಬಿಟ್ಟುಹೋಗಿದೆ ಅಂತ ವಾದ ಮಾಡೋರಿಗೆ ಹೇಳಿ: ಬಿಟ್ಟುಹೋಗಿಲ್ಲ, 12 ಲಕ್ಷದ ಡಿಸ್ಕೌಂಟ್ ಆಗಿ ಕೂತಿದೆ.

ಇನ್ನು ಮನೆಯೊಳಗಿನ ಜಗಳ. ಇದನ್ನ ಬರೀದೆ ಹೋದ್ರೆ ಈ ಪೋಸ್ಟ್ ಬರೀ ಘೋಷಣೆ ಆಗುತ್ತೆ. ಅಮ್ಮ ಅಂದ್ರು, 'ಇಳಿಸಿದ್ರೆ ಏನಾಯ್ತದೆ ಬುಡಪ್ಪ. ಅವ್ರು ಗೋಡೆ ಮ್ಯಾಲವ್ರಾ? ನೀವು ಮೂವರು ಓದಿ ನಿಂತ್ಕಂಡಿದೀರಲ್ಲ, ಅಲ್ಲವ್ರೆ.' ತಮ್ಮ ಅಷ್ಟು ಮೆತ್ತಗೆ ಹೇಳಲಿಲ್ಲ. 'ಅಣ್ಣಾ, ನಿನ್ನ ಸ್ವಾಭಿಮಾನಕ್ಕೆ ಇಎಂಐ ಕಟ್ತಿರೋದು ನಾನು' ಅಂದ. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದ್ದರಿಂದ ಯಾರಾದ್ರೂ ಕಷ್ಟಕ್ಕೆ ಫೋಟೋ ಇಳಿಸಿ ಮನೆ ಮಾರಿದ್ರೆ ಅವರ ಮೇಲೆ ಪೋಸ್ಟ್ ಹಾಕಿ ಹೀಯಾಳಿಸ್ಬೇಡಿ. ಆಸ್ಪತ್ರೆ ಬಿಲ್ ಕಟ್ಟೋರಿಗೆ ನಿಷ್ಠೆಯ ಪಾಠ ಬೇಕಾಗಿಲ್ಲ.

ಆದ್ರೂ ನಾವು ಇಳಿಸಲಿಲ್ಲ. ಮೂವರೂ ಮಾತಾಡಿ ಒಪ್ಪಿದ್ದಕ್ಕೆ ದೊಡ್ಡ ಸಿದ್ಧಾಂತ ಕಾರಣ ಅಲ್ಲ. ಇಳಿಸಿದ್ರೂ ಉಪಯೋಗ ಇಲ್ಲ, ಅಷ್ಟೇ. ದಾವಣಗೆರೆಯ ಸ್ನೇಹಿತರೊಬ್ಬರು ಎಲ್ಲ ಮಾಡಿದ್ರು: ಫೋಟೋ ಇಳಿಸಿ, ತುಳಸಿ ಇಟ್ಟು, ಬಾಗಿಲಿಗೆ ತೋರಣ ಕಟ್ಟಿ. 2 ಲಕ್ಷ ಅಡ್ವಾನ್ಸೂ ಬಂತು. ಪಾರ್ಟಿ ಹೊರಗೆ ಬಂದು ಎದುರುಮನೆಯವರನ್ನ 'ಇವರು ಯಾವ ಜನ' ಅಂತ ಕೇಳಿದ. ಎರಡು ನಿಮಿಷದ ಕೆಲಸ. ಮುಚ್ಚಿಟ್ಟು ಮೋಸ ಮಾಡಿದ್ರಿ ಅಂತ ಗಲಾಟೆ ಮಾಡಿ ಅಡ್ವಾನ್ಸ್ ವಾಪಸ್ ತಗೊಂಡು ಹೋದ. ಮೋಸ ಅಂತೆ. ಮೂವತ್ತು ವರ್ಷ ಒಂದೇ ಬೀದೀಲಿ ಬಾಳಿದವರ ಜಾತಿ ಅಟ್ಟದ ಮೇಲೆ ಇಟ್ಟರೆ ಮುಚ್ಚುತ್ತಾ?

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯಲ್ಲಿ ಒಂದು ಕಪ್ಪುಜನರ ದಂಪತಿ ತಮ್ಮ ಮನೆಗೆ ಬೆಲೆ ಕಟ್ಟಿಸಿದಾಗ 9 ಲಕ್ಷ 95 ಸಾವಿರ ಡಾಲರ್ ಅಂತ ಬಂತು. ಆಮೇಲೆ ತಮ್ಮ ಕುಟುಂಬದ ಫೋಟೋಗಳನ್ನೆಲ್ಲ ತೆಗೆದು, ಬಿಳಿಯ ಗೆಳತಿಯೊಬ್ಬಳನ್ನ ಮನೆಯೊಡತಿ ಅಂತ ನಿಲ್ಲಿಸಿ ಮತ್ತೆ ಕಟ್ಟಿಸಿದ್ರು. 14 ಲಕ್ಷ 82 ಸಾವಿರ ಚಿಲ್ಲರೆ! ಅದೇ ಗೋಡೆ, ಅದೇ ಬಾಗಿಲು. ಅವರು ಕೋರ್ಟಿಗೆ ಹೋದ್ರು, 2023ರಲ್ಲಿ ಪ್ರಕರಣ ರಾಜಿಯಲ್ಲಿ ಮುಗೀತು. ಕೋರ್ಟಿಗೆ ಹೋಗೋಕೆ ಅವರಿಗೆ ಒಂದು ಕಾನೂನಾದ್ರೂ ಇತ್ತು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಜನಾಂಗಭೇದ ಮಾಡಬಾರದು ಅನ್ನೋ ಫೇರ್ ಹೌಸಿಂಗ್ ಆಕ್ಟ್ ಬಂತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ, ಕ್ಷಮಾ ಸಾವಂತ್ ಮಂಡಿಸಿದ ಮಸೂದೆ ಪಾಸು ಮಾಡಿ, ಜಾತಿ ತಾರತಮ್ಯವನ್ನೂ ನಿಷೇಧಿಸಿತು. ಅದರಲ್ಲಿ ಮನೆ ಮಾರಾಟ, ಬಾಡಿಗೆ ಎಲ್ಲ ಸೇರಿದೆ.

ನಮ್ಮಲ್ಲಿ? 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ನಾವು ಮನೆ ಕಟ್ಟೋದನ್ನ, ಕೊಳ್ಳೋದನ್ನ, ವಾಸ ಮಾಡೋದನ್ನ ತಡೆಯೋದು ಅಪರಾಧ. ಇದು ಎಷ್ಟು ಜನಕ್ಕೆ ಗೊತ್ತು? ಸೈಟು ಕೊಡಲ್ಲ ಅಂದವರ ಮೇಲೆ ಈ ಸೆಕ್ಷನ್ ಇಟ್ಕೊಂಡು ಹೋಗಿ. ಆದ್ರೆ ನಾವು ಮಾರೋ ಕಡೆ ನಿಂತಾಗ ಅದು ನೇರವಾಗಿ ಕೆಲಸಕ್ಕೆ ಬರಲ್ಲ. ನನ್ನ ಮನೆ ಕೊಂಡ್ಕೋ ಅಂತ ಯಾರಿಗೂ ಬಲವಂತ ಮಾಡೋಕಾಗಲ್ಲ, ಮಾಡ್ಬಾರ್ದು. ಪ್ರಶ್ನೆ ಇರೋದು ನಡುವೆ ಕೂತವರದು. 2016ರ ರೇರಾ ಕಾಯ್ದೆಯಲ್ಲಿ ಏಜೆಂಟರು ನೋಂದಣಿ ಆಗ್ಬೇಕು ಅಂತ ಇರೋದು ನೋಂದಾಯಿತ ಹೊಸ ಪ್ರಾಜೆಕ್ಟುಗಳಿಗೆ. ಹಳೇ ಮನೆ ಮಾರಿಸೋ ಬೀದಿ ಬ್ರೋಕರ್‌ಗೆ ಅದು ತಾಗಲ್ಲ. ಅವರಿಗೂ ನೋಂದಣಿ ಇರಲಿ, 'ಯಾವ ಜನ' ಅಂತ ವಿಚಾರಿಸಿಕೊಡೋ ದಂಧೆ ಮಾಡಿದ್ರೆ ಅದು ರದ್ದಾಗಲಿ. ಇದನ್ನ ನಮ್ಮ ಹಕ್ಕೊತ್ತಾಯ ಪತ್ರಗಳಲ್ಲಿ ಇದುವರೆಗೆ ನಾನು ಕಂಡಿಲ್ಲ. ಸೇರಿಸೋಣ.

ಈಗ ಪಿಟಿಸಿಎಲ್. ಎಸ್ಸಿ ಮನೆ ಅಂದ ಕೂಡಲೇ ಬರೋ ಮಾತು: 'ನಾಳೆ ಮಕ್ಕಳು ಬಂದು ಕೇಸ್ ಹಾಕಿದ್ರೆ?' ಇದನ್ನ ನಾವೇ ಸರಿಯಾಗಿ ವಿವರಿಸ್ತಿಲ್ಲ. 1978ರ ಆ ಕಾಯ್ದೆ ಇರೋದು ಸರ್ಕಾರ ಎಸ್ಸಿ-ಎಸ್ಟಿಗಳಿಗೆ ಮಂಜೂರು ಮಾಡಿದ ಜಮೀನಿಗೆ. ಅನುಮತಿ ಇಲ್ಲದೆ ಅದನ್ನ ಮಾರಿದ್ರೆ ಮಾರಾಟ ನಿಲ್ಲಲ್ಲ. ಎಷ್ಟು ವರ್ಷ ಕಳೆದಿದೆ ಅನ್ನೋ ನೆಪ ಹೇಳಿ ಅರ್ಜಿ ವಜಾ ಮಾಡೋದನ್ನ ತಪ್ಪಿಸೋಕೆ 2023ರಲ್ಲಿ ತಿದ್ದುಪಡಿಯೂ ಆಯ್ತು. ಅದು ಧರಣಿ ಕೂತು ತಂದ ತಿದ್ದುಪಡಿ, ಅದರ ಬಗ್ಗೆ ಒಂದು ಕೆಟ್ಟ ಮಾತನ್ನೂ ಒಪ್ಪಲ್ಲ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಮಂಜೂರಾದ ನೆಲ ಕಳ್ಕೊಂಡ ಅಜ್ಜಂದಿರು ನಮ್ಮೆಲ್ಲರ ಮನೇಲೂ ಇದಾರೆ. ಆದ್ರೆ ಖಾಸಗಿ ಬಡಾವಣೆಯಲ್ಲಿ ದುಡ್ಡು ಕೊಟ್ಟು ಕೊಂಡ ಸೈಟಿಗೂ ಈ ಕಾಯ್ದೆಗೂ ಸಂಬಂಧ ಇಲ್ಲ. ನೋಡಬೇಕಾದ್ದು ಜಮೀನಿನ ಮೂಲ, ಮಾರೋನ ಜಾತಿ ಅಲ್ಲ. ನಿಮ್ಮ ಮನೆ ಸರ್ಕಾರ ಕೊಟ್ಟ ನಿವೇಶನದ್ದಾದ್ರೆ ಹಕ್ಕುಪತ್ರದ ಷರತ್ತು ಓದಿಸಿ, ವಕೀಲರನ್ನ ಕೇಳಿ, ಆಮೇಲೆ ಮಾರಾಟದ ಮಾತು.

ಮೂರು ತಿಂಗಳ ಹಿಂದೆ ನಮ್ಮವರೇ ಒಬ್ಬ ಮೇಷ್ಟ್ರು ದಂಪತಿ ಮನೆ ನೋಡಿ ಒಪ್ಪಿದ್ರು. ಚೌಕಾಸಿ ಮಾಡಿ 56ಕ್ಕೆ ಬಂದ್ರು, ನಾವೂ ಆಗಲಿ ಅಂದ್ವಿ. ಅವರು ಸಾಲಕ್ಕೆ ಹೋದ ಬ್ಯಾಂಕಿನ ವಕೀಲರು ಉಪವಿಭಾಗಾಧಿಕಾರಿ ಕಚೇರಿಯಿಂದ ಪಿಟಿಸಿಎಲ್ ಹಿಂಬರಹ ತನ್ನಿ ಅಂದ್ರು. ಎಲ್ಲರಿಗೂ ಕೇಳೋದಾದ್ರೆ ಕೇಳಲಿ, ತಪ್ಪಿಲ್ಲ. ಆದ್ರೆ ಅದೇ ಬಡಾವಣೆ, ಅದೇ ಸರ್ವೆ ನಂಬರ್, ಅದೇ ಭೂ ಪರಿವರ್ತನೆ ಆದೇಶ ಇಟ್ಕೊಂಡು, ಅದೇ ಬ್ಯಾಂಕಿಂದ ಪಕ್ಕದ ಮನೆಗೆ ಸಾಲ ಆದಾಗ ಈ ಹಿಂಬರಹ ಕೇಳಲಿಲ್ಲ. ನಾನೇ ಅವರನ್ನ ವಿಚಾರಿಸಿದೀನಿ. ನೆಲ ಒಂದೇ ಆಗಿದ್ರೆ ಅನುಮಾನ ಯಾರ ಮೇಲೆ?

ಕೆಲವರು ಹೇಳ್ತಾರೆ, ನಮ್ಮವರಿಗೇ ಮಾರಿ, ತಲೆನೋವೇ ಇಲ್ಲ. ನಮ್ಮವರು ಕೊಂಡ್ರೆ ಸಂತೋಷವೇ. ಆದ್ರೆ ಅದೇ ದಾರಿ ಅಂತ ಒಪ್ಪಿದ್ರೆ ನಮ್ಮ ಮನೆಗಳಿಗೆ ಕೊಳ್ಳೋರು ಕಮ್ಮಿ, ಕೊಳ್ಳೋರು ಕಮ್ಮಿ ಇದ್ದ ಕಡೆ ಬೆಲೆ ಕಮ್ಮಿ, ಹತ್ತು ವರ್ಷಕ್ಕೆ ಆ ಬೀದಿಗೆ ಒಂದು ಹೆಸರು ಬರುತ್ತೆ. ಅಪ್ಪ ಯಾವುದನ್ನ ದಾಟಿ ಬಂದ್ರೋ ಅದನ್ನೇ ಪಟ್ಟಣದಲ್ಲಿ ನಾವು ಕಟ್ಟಿಕೊಟ್ಟಂಗಾಗುತ್ತೆ.

ಹಿಂಬರಹಕ್ಕೆ ಅರ್ಜಿ ಕೊಟ್ಟಿದೀವಿ, ಓಡಾಡ್ತಿದೀವಿ. ಮೇಷ್ಟ್ರು ಇನ್ನೂ ಕಾಯ್ತಿದಾರೆ, ಎಷ್ಟು ದಿನ ಕಾಯ್ತಾರೋ ಗೊತ್ತಿಲ್ಲ. ಅಷ್ಟರೊಳಗೆ ಒಂದು ಕೆಲಸ ಮಾಡೋಣ ಅಂತಿದೀನಿ. ಪಿಟಿಸಿಎಲ್ ಯಾವುದಕ್ಕೆ ಅನ್ವಯ, ಯಾವುದಕ್ಕಿಲ್ಲ ಅಂತ ಒಂದೇ ಪುಟದ, ಸರಳ ಕನ್ನಡದ ಟಿಪ್ಪಣಿ ಬೇಕು; ಮನೆ ತೋರಿಸೋವಾಗ ಪಾರ್ಟಿ ಕೈಗೆ ಕೊಡೋಕೆ, ಬ್ಯಾಂಕಿನ ಮ್ಯಾನೇಜರ್ ಟೇಬಲ್ ಮೇಲೆ ಇಡೋಕೆ. ವಕೀಲ ಗೆಳೆಯರು, ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಬರುವ ಭಾನುವಾರ ತುಮಕೂರಿನ ಮನೆ ಬಾಗಿಲು ತೆಗೆದಿರುತ್ತೆ, ಅಲ್ಲೇ ಕೂತು ಬರೆಯೋಣ. ಮಧ್ಯಾಹ್ನ ಬಾಡೂಟ ನಮ್ಮ ಕಡೆಯಿಂದ.