ದೂರದ ಬೆಟ್ಟ

ದೊಡ್ಡ ಸಂಸ್ಥೆಗಳು ಕೈಕೊಂಡ ನಿರ್ಣಯಗಳಿಗಿಂತ ಆ ನಿರ್ಣಯಗಳ ಹಿಂದಿನ ತರ್ಕವನ್ನು ಪರೀಕ್ಷಿಸುವದು ಹೆಚ್ಚು ಬೋಧಪ್ರದವಾದುದು. ಅಮೇರಿಕೆಯ ಬೋಯಿಂಗ್ ವಿಮಾನ ಕಂಪನಿಯು 2001ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಸಿಯಾಟಲ್ ನಗರದಿಂದ ಸುಮಾರು 1,700 ಮೈಲು ದೂರದ ಶಿಕಾಗೋ ನಗರಕ್ಕೆ ಒಯ್ದ ಸಂಗತಿಯನ್ನು ಈ ದೃಷ್ಟಿಯಿಂದಲೇ ವಾಚಕರ ಮುಂದಿಡುತ್ತೇವೆ.

1916ರಲ್ಲಿ ಹುಟ್ಟಿದಂದಿನಿಂದಲೂ ಈ ಕಂಪನಿಯ ಬಾಳು ಸಿಯಾಟಲ್ ಸೀಮೆಯೊಡನೆ ಹೆಣೆದುಕೊಂಡಿತ್ತು. ವಿಮಾನದ ನಕಾಶೆ ಬರೆಯುವವರೂ ಅದನ್ನು ಕಟ್ಟುವವರೂ ಹಣದ ಲೆಕ್ಕವಿಡುವವರೂ ಒಂದೇ ಸೀಮೆಯ ನಿವಾಸಿಗಳಾಗಿದ್ದರು. 1997ರಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್ ಕಂಪನಿಯು ಇದರಲ್ಲಿ ವಿಲೀನವಾದ ಮೇಲೆ ಯುದ್ಧವಿಮಾನ, ಅಂತರಿಕ್ಷ ಮೊದಲಾದ ಶಾಖೆಗಳೂ ಹಿಗ್ಗಿದವು. ಆಗ ಮುಖ್ಯಾಧಿಕಾರಿಗಳಾಗಿದ್ದ ಫಿಲ್ ಕಾಂಡಿಟ್ ಅವರ ವಾದದ ತಿರುಳು ಇದು: ಮುಖ್ಯ ಕಚೇರಿಯು ಒಂದು ಶಾಖೆಯ ಮಗ್ಗುಲಲ್ಲಿಯೇ ಇದ್ದರೆ ಅದರ ದಿನದಿನದ ಕೆಲಸಗಳಲ್ಲಿ ಸಿಲುಕಿಕೊಳ್ಳುವದು, ದೂರವಿದ್ದರೆ ಎಲ್ಲ ಶಾಖೆಗಳನ್ನೂ ಸಮದೃಷ್ಟಿಯಿಂದ ನೋಡಬಹುದು.

ಈ ವಾದವನ್ನು ನಾವು ಒಪ್ಪಲಾರೆವು. ಸಮದೃಷ್ಟಿಯು ಮನಸ್ಸಿನ ಗುಣವೇ ಹೊರತು ಮೈಲುಗಳ ಗುಣವಲ್ಲ. ಚಿಕ್ಕ ಕೆಲಸಗಳಲ್ಲಿ ಸಿಲುಕುವ ಯಜಮಾನನು ಕೈಕೆಳಗಿನವರಿಗೆ ಅಧಿಕಾರ ಹಂಚಿಕೊಟ್ಟರೆ ಸಾಕು, ಊರು ಬಿಡಬೇಕಾಗಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ದೂರದಿಂದ ಬೆಟ್ಟವೆಲ್ಲ ಕಾಣುವದು ನಿಜ. ಆದರೆ ಕಲ್ಲು ಮುಳ್ಳುಗಳು ಕಾಣುವದಿಲ್ಲ. 2000ದಲ್ಲಿ ಅದೇ ಕಂಪನಿಯ ಇಂಜಿನಿಯರರು 40 ದಿನ ಮುಷ್ಕರ ಹೂಡಿದ್ದರು. ಅಂಥ ಬಿರುಕು ಬಿದ್ದ ಮರುವರ್ಷವೇ ಯಜಮಾನರು ದೂರ ಸರಿದುದು ಯಾವ ವಿವೇಕ?

ಎರಡನೆಯ ದೋಷವು ಕ್ರಮದಲ್ಲಿದೆ. ಸಿಯಾಟಲನ್ನು ಬಿಡುವದಾಗಿ ಮಾರ್ಚಿನಲ್ಲಿ ಸಾರಿ, ಡೆನ್ವರ್, ಡಲ್ಲಾಸ್, ಶಿಕಾಗೋಗಳನ್ನು ಪೈಪೋಟಿಗೆ ನಿಲ್ಲಿಸಿ, ಮೇ ತಿಂಗಳಲ್ಲಿ ಶಿಕಾಗೋವನ್ನು ಆರಿಸಿದರು. ಹೊರಟ ಮೇಲೆ ದಾರಿ ಕೇಳಿದಂತಾಯಿತು. ಅಲ್ಲಿಯ ಸರಕಾರಗಳು ಇಪ್ಪತ್ತು ವರ್ಷಗಳಲ್ಲಿ ಸುಮಾರು 6 ಕೋಟಿ ಡಾಲರುಗಳವರೆಗಿನ ಸವಲತ್ತುಗಳನ್ನು ಒಡ್ಡಿದ್ದವು. ಸವಲತ್ತನ್ನು ಅಂಕಿಗಳಲ್ಲಿ ಬರೆಯಬಹುದು. ಆದರೆ ಕಾರಖಾನೆಯ ಅಂಗಳದಲ್ಲಿ ಅನುಭವಿಯೊಬ್ಬನು ಯಜಮಾನನಿಗೆ ಹೇಳುವ ಒಂದು ಕಟುಸತ್ಯದ ಬೆಲೆಯನ್ನು ಯಾವ ಖಾತೆಯಲ್ಲಿ ಬರೆಯುವದು?

ಮುಂದೆ 2018 ಮತ್ತು 2019ರಲ್ಲಿ ಈ ಕಂಪನಿಯ 737 ಮ್ಯಾಕ್ಸ್ ವಿಮಾನಗಳೆರಡು ಬಿದ್ದು 346 ಜನರು ಅಸುನೀಗಿದರು. ಕಚೇರಿಯ ಸ್ಥಳಾಂತರವೇ ಇದಕ್ಕೆ ಕಾರಣವೆಂದು ನಾವು ಹೇಳುವದಿಲ್ಲ. ಹಾಗೆ ಹೇಳಿದರೆ ನಾವೂ ಕೆಟ್ಟ ತರ್ಕಕ್ಕೇ ಶರಣಾದಂತೆ. ವಿಮಾನದ ಮೂತಿಯನ್ನು ತಾನಾಗಿ ಕೆಳಗೆ ತಳ್ಳುವ ಯಂತ್ರವ್ಯವಸ್ಥೆಯು ಒಂದೇ ಮಾಪಕವನ್ನು ನೆಚ್ಚಿಕೊಂಡಿದ್ದುದು ಆ ದುರಂತಗಳ ಮುಖ್ಯ ಕಾರಣಗಳಲ್ಲೊಂದು. ಆದರೆ ಇಂಥ ದೋಷವನ್ನು ಬಲ್ಲವರ ಮಾತು ಮೇಲಿನವರೆಗೆ ಮುಟ್ಟುವ ಹಾದಿಯನ್ನು ಉದ್ದಮಾಡುವದು ಯಾವ ಸಂಸ್ಥೆಗೂ ಹಿತವಲ್ಲವೆಂದು ಮಾತ್ರ ಹೇಳುತ್ತೇವೆ.

2022ರಲ್ಲಿ ಕಂಪನಿಯು ಶಿಕಾಗೋವನ್ನೂ ಬಿಟ್ಟು ವಾಷಿಂಗ್ಟನ್ ರಾಜಧಾನಿಯ ನೆರೆಯ ಆರ್ಲಿಂಗ್ಟನ್ನಿಗೆ ಹೋಗುವದಾಗಿ ಸಾರಿತು. ಈ ಸಲ ಕೊಟ್ಟ ಕಾರಣಗಳಲ್ಲೊಂದು ಗಿರಾಕಿಗಳ ಸಾಮೀಪ್ಯ! ದೂರವೇ ಜ್ಞಾನವೆಂದವರಿಗೆ ಸಾಮೀಪ್ಯದ ಬೆಲೆ ತಿಳಿಯಿತು. ಆದರೆ ಕೊಳ್ಳುವವರ ಸಾಮೀಪ್ಯವೇ ಹೊರತು ಮಾಡುವವರದಲ್ಲ.

2024ರ ಅಗಸ್ಟಿನಲ್ಲಿ ಅಧಿಕಾರ ವಹಿಸಿಕೊಂಡ ಕೆಲ್ಲಿ ಆರ್ಟ್‌ಬರ್ಗ್ ಅವರು ತಾವು ಸಿಯಾಟಲಿನಲ್ಲಿಯೇ ಇದ್ದು ಕೆಲಸಮಾಡುವದಾಗಿ ತಿಳಿಸಿದರು. ಕಚೇರಿಯ ಫಲಕವನ್ನು ಮರಳಿ ತರಲಿಲ್ಲವಾದರೂ ಯಜಮಾನನ ಕುರ್ಚಿಯು ಕೆಲಸಗಾರರ ಬಳಿಗೆ ಬಂತು. ಇಪ್ಪತ್ಮೂರು ವರ್ಷಗಳ ಹಿಂದಿನ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಖಂಡನೆಯನ್ನು ನಾವು ಬರೆಯಲಾರೆವು. ಸಂಸ್ಥೆಗಳನ್ನು ನಡೆಯಿಸುವವರು, ಅವು ಶಾಲೆಗಳಿರಲಿ, ಸಹಕಾರಿ ಸಂಘಗಳಿರಲಿ, ಗದ್ದುಗೆ ಹಾಕುವ ಮುನ್ನ ಕೇಳಿಕೊಳ್ಳಬೇಕಾದುದು ಒಂದೇ ಪ್ರಶ್ನೆ: ಇಲ್ಲಿ ಕುಳಿತರೆ ನಮ್ಮ ಕಿವಿಗೆ ಯಾರ ಮಾತು ಬೀಳುವದು?