ತರಗೆಲೆಗೆ ಯಾವ ಪೊರಕೆ?

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಶಾಲೆಗಳಲ್ಲಿ ಎರಡು ಗಡಿಬಿಡಿ ಒಟ್ಟಿಗೇ ಶುರುವಾಗುತ್ತವೆ. ಒಂದು ಪರೀಕ್ಷೆಯದು, ಇನ್ನೊಂದು ತರಗೆಲೆಯದು. ಹೊಂಗೆ, ಮಳೆಮರ, ಗುಲ್‌ಮೊಹರ್ ಎಲ್ಲವೂ ಯುಗಾದಿಗೆ ಹೊಸ ಚಿಗುರು ಉಡುವ ಅವಸರದಲ್ಲಿ ಹಳೆಯದನ್ನು ಕಳಚಿ ಎಸೆಯುತ್ತವೆ. ಬೆಳಗ್ಗೆ ಗುಡಿಸಿದ ಹುಲ್ಲುಹಾಸು ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಗ ಪಾಲಕರ ಸಭೆಯಲ್ಲಿ ಒಬ್ಬರಾದರೂ ಎದ್ದು, "ಒಂದು ಮೆಷಿನ್ ತಂದುಬಿಡೋಣ ಸಾರ್" ಎನ್ನುತ್ತಾರೆ. ಇನ್ನೊಬ್ಬರು, "ಅದಕ್ಕೆಲ್ಲ ದುಡ್ಡೇಕೆ? ಮೂಲೆಗೆ ಗುಡಿಸಿ ಬೆಂಕಿ ಹಾಕಿದರಾಯಿತು" ಎನ್ನುತ್ತಾರೆ. ಈ ಎರಡು ಸಲಹೆಗಳ ನಡುವೆ ಮೂರನೆಯ ದಾರಿಯೊಂದು ಉಂಟೇ? ಈ ವಾರ ಅದನ್ನೇ ನೋಡೋಣ.

ಮೊದಲು ಬೆಂಕಿಯ ಮಾತು ಮುಗಿಸೋಣ. ಒದ್ದೆ ಎಲೆ, ಹಸಿರು ಹುಲ್ಲು ಬೆರೆತ ರಾಶಿ ಧಗಧಗಿಸಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅರೆಬರೆ ಉರಿಯುವ ರಾಶಿಯಿಂದ ಕಾರ್ಬನ್ ಮೊನಾಕ್ಸೈಡ್ ಮತ್ತು ಅತಿ ಸೂಕ್ಷ್ಮ ಕಣಗಳು ಹೊರಬರುತ್ತವೆ. ಈ ಕಣಗಳ ಗಾತ್ರ 2.5 ಮೈಕ್ರಾನ್‌ಗಿಂತಲೂ ಕಡಿಮೆ, ಅಂದರೆ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿನಷ್ಟು. ಮೂಗಿನ ಕೂದಲು ಇವನ್ನು ತಡೆಯಲಾರದು, ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ತರಗತಿಯಲ್ಲಿ ಉಬ್ಬಸದ ಮಗು ಒಂದಿದ್ದರೂ ಸಾಕು, ಆ ದಿನ ಅದರ ಪಾಡು ಹೇಳತೀರದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಆದ್ದರಿಂದ ಬೆಂಕಿಪೊಟ್ಟಣವನ್ನು ನಮ್ಮ ಪಟ್ಟಿಯಿಂದ ಈಗಲೇ ಹೊಡೆದುಹಾಕೋಣ.

ಎಲೆ ನೋಡಿ ಹತ್ಯಾರು

ಉಪಕರಣ ಕೊಳ್ಳುವ ಮುನ್ನ ಅಂಗಡಿಗೆ ಹೋಗಬೇಡಿ, ಮರದ ಕೆಳಗೆ ಹೋಗಿ. ಯಾವ ಎಲೆ ಬಿದ್ದಿದೆ ಎಂಬುದೇ ಯಾವ ಹತ್ಯಾರು ಬೇಕು ಎಂಬುದನ್ನು ಹೇಳುತ್ತದೆ.

ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ಹೆಸರನ್ನು ನೀವು ಕೇಳಿರಬಹುದು. ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದ ಕೀರ್ತಿ ಅವರದು. ಇಂದು ನಮ್ಮ ಶಾಲೆ, ಕಚೇರಿಗಳ ಅಂಗಳದಲ್ಲಿ ನೆರಳು ಕೊಡುವ ಮರಗಳಲ್ಲಿ ಹಲವು ಹೊರಗಿನಿಂದ ಬಂದವು. ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಇವೆರಡರ ಎಲೆಯೂ ಒಂದೇ ತುಂಡಲ್ಲ, ಹುಣಿಸೆಯ ಹಾಗೆ ಪುಟ್ಟ ಪುಟ್ಟ ಕಿರುಎಲೆಗಳ ಸಾಲು. ಒಣಗಿದ ಮೇಲೆ ಆ ಕಿರುಎಲೆಗಳು ಉದುರಿ ಹುಲ್ಲಿನ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಮಾವು, ಹಲಸು, ತೇಗ, ಬಾದಾಮಿ ಮರಗಳದು ಬೇರೆಯೇ ಲೆಕ್ಕ. ಅಂಗೈಯಗಲದ, ಗಟ್ಟಿಯಾದ ಇಡೀ ಎಲೆಗಳು.

ಅಂಗಡಿಯಲ್ಲಿ 'ರೇಕ್' ಎಂದು ಕೇಳಿದರೆ ಎರಡು ಬಗೆ ತೋರಿಸುತ್ತಾರೆ. ಒಂದು, ಬೀಸಣಿಗೆಯಂತೆ ಹರಡಿಕೊಂಡ, ಬಾಗುವ ಹಲ್ಲುಗಳದು. ಇನ್ನೊಂದು, ಗಿಡ್ಡನೆಯ ಗಟ್ಟಿ ಕಬ್ಬಿಣದ ಹಲ್ಲುಗಳದು. ಎರಡನೆಯದು ಮಣ್ಣು ಸಮ ಮಾಡಲು ಇರುವ ಸಾಧನ. ಅದರಿಂದ ಹುಲ್ಲುಹಾಸು ಕೆರೆದರೆ ಹುಲ್ಲು ಬೇರುಸಹಿತ ಕಿತ್ತುಬರುತ್ತದೆ. ಎಲೆಗೆ ಬೇಕಾದದ್ದು ಬೀಸಣಿಗೆ ರೇಕ್. ಮಾವು, ಬಾದಾಮಿಯಂಥ ದೊಡ್ಡ ಎಲೆಗೆ ಇದಕ್ಕಿಂತ ಉತ್ತಮ ಸಾಧನವಿಲ್ಲ. ಆದರೆ ಗುಲ್‌ಮೊಹರಿನ ಕಿರುಎಲೆ ಅದರ ಹಲ್ಲುಗಳ ನಡುವೆ ನುಸುಳಿ ಹಿಂದೆಯೇ ಉಳಿಯುತ್ತದೆ. ಅಂಥ ಕಡೆ ನಮ್ಮ ತೆಂಗಿನ ಕಡ್ಡಿಪೊರಕೆಯೇ ಗೆಲ್ಲುತ್ತದೆ, ಉದ್ದನೆಯ ಬಿದಿರಿನ ಕೋಲಿಗೆ ಬಿಗಿಯಾಗಿ ಕಟ್ಟಿದ್ದರೆ ಮಾತ್ರ. ಅಂಗಳದಲ್ಲಿ ಎರಡೂ ಬಗೆಯ ಮರಗಳಿದ್ದರೆ ಹಲ್ಲುಗಳ ಅಂತರವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ರೇಕ್ ಕೊಳ್ಳುವುದು ಜಾಣತನ. ಪ್ಲಾಸ್ಟಿಕ್ ಹಲ್ಲು ಹಗುರ, ಆದರೆ ಬಿಸಿಲಿಗೆ ಬಿಟ್ಟರೆ ಪೆಡಸಾಗಿ ಮುರಿಯುತ್ತದೆ. ಉಕ್ಕಿನದು ಬಾಳಿಕೆ ಬರುತ್ತದೆ, ಆದರೆ ಮಳೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಎಲೆಯ ಕೆಳಗೊಂದು ಪದರ

ಎಲೆ ಗುಡಿಸಿದ ಮೇಲೂ ಹುಲ್ಲುಹಾಸಿನ ಮೇಲೆ ನಡೆದರೆ ಕಾಲಡಿ ಹಾಸಿಗೆಯಂತೆ ಮೆತ್ತಗೆ ಎನಿಸುತ್ತದೆಯೇ? ನೀರು ಹಾಕಿದರೆ ಒಳಗಿಳಿಯದೆ ಜಾರಿಹೋಗುತ್ತದೆಯೇ? ಹಾಗಿದ್ದರೆ ಹಸಿರಿಗೂ ಮಣ್ಣಿಗೂ ನಡುವೆ ಸತ್ತ ಕಾಂಡ, ಬೇರುಗಳ ಒಣಪದರ ಬೆಳೆದಿದೆ ಎಂದರ್ಥ. ಇಂಗ್ಲಿಷಿನಲ್ಲಿ ಇದಕ್ಕೆ 'ಥ್ಯಾಚ್' ಎನ್ನುತ್ತಾರೆ. ಹುಲ್ಲು ಹೊದಿಸಿದ ಚಾವಣಿಗೂ ಅದೇ ಹೆಸರು. ಹೆಸರು ಸುಳ್ಳಲ್ಲ, ನೆಲಕ್ಕೆ ಮಾಡು ಹೊದಿಸಿದಂತೆಯೇ ಅದು ನೀರನ್ನು ತಡೆಯುತ್ತದೆ.

ಕತ್ತರಿಸಿದ ಹುಲ್ಲಿನ ತುದಿಗಳು ಬಿದ್ದು ಈ ಪದರ ಆಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ತುದಿಗಳಲ್ಲಿ ಬಹುಪಾಲು ನೀರೇ ಇರುವುದರಿಂದ ಅವು ಬೇಗ ಕೊಳೆತು ಮಣ್ಣು ಸೇರುತ್ತವೆ. ನಿಧಾನಕ್ಕೆ ಕೊಳೆಯುವುದು ಲಿಗ್ನಿನ್ ಎಂಬ ಗಟ್ಟಿ ವಸ್ತು ಇರುವ ಕಾಂಡ ಮತ್ತು ಬೇರು. ನೆಲದ ಮೇಲೂ ಕೆಳಗೂ ಹಬ್ಬುವ ಹುಲ್ಲುಗಳಲ್ಲಿ ಇದು ಹೆಚ್ಚು. ಗಣಪತಿಗೆ ಏರಿಸುವ ನಮ್ಮ ಗರಿಕೆ ಇಂಥದ್ದೇ. ಅದನ್ನೇ ಹೊರದೇಶಗಳಲ್ಲಿ ಬರ್ಮುಡಾ ಹುಲ್ಲೆಂದು ಕರೆದು ಆಟದ ಮೈದಾನಗಳಿಗೆ ಹಾಕುತ್ತಾರೆ. ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್ ಎಂದು ಮಾರುವ ಹುಲ್ಲುಗಳೂ ದಟ್ಟ ಪದರ ಕಟ್ಟುವಂಥವೇ. ಅತಿಯಾದ ಯೂರಿಯಾ, ದಿನವೂ ನೀರು, ಎರೆಹುಳುಗಳನ್ನು ಕೊಲ್ಲುವ ಔಷಧಿ, ಗಟ್ಟಿಯಾದ ನೆಲ ಎಲ್ಲ ಸೇರಿದರೆ ಪದರ ಇನ್ನೂ ಬೇಗ ಬೆಳೆಯುತ್ತದೆ.

ಪರೀಕ್ಷಿಸುವುದು ಸುಲಭ. ಮಕ್ಕಳೇ, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು ಹಳೆಯ ಚಾಕುವಿನಿಂದ ಹುಲ್ಲುಹಾಸಿನಲ್ಲಿ ಅಂಗೈಯಗಲದ ಒಂದು ತುಂಡನ್ನು ಮಣ್ಣುಸಹಿತ ಎತ್ತಿ. ಮೇಲೆ ಹಸಿರು, ಕೆಳಗೆ ಮಣ್ಣು, ನಡುವೆ ಕಂದು ಬಣ್ಣದ ನಾರುನಾರಾದ ಪದರ ಕಾಣುತ್ತದೆ. ನಿಮ್ಮ ಸ್ಕೇಲಿನಿಂದ ಅದನ್ನು ಅಳೆಯಿರಿ. ಒಂದೂಕಾಲು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಏನನ್ನೂ ಮಾಡಬೇಕಾಗಿಲ್ಲ. ತೆಳು ಪದರ ಒಳ್ಳೆಯದೇ, ಬೇಸಿಗೆಯಲ್ಲಿ ಅದು ನೆಲದ ತೇವ ಕಾಯುತ್ತದೆ. ಅದಕ್ಕಿಂತ ದಪ್ಪವಿದ್ದರೆ ಮಾತ್ರ ಹತ್ಯಾರಿನ ಯೋಚನೆ. ತುಂಡನ್ನು ಮತ್ತೆ ಅದೇ ಜಾಗಕ್ಕೆ ಕೂರಿಸಿ ಒತ್ತಿ, ನೀರು ಹಾಕಲು ಮರೆಯಬೇಡಿ.

ಚಿಕ್ಕ ಅಂಗಳಕ್ಕೆ ಚಾಕುವಿನಂಥ ಹಲ್ಲುಗಳ ಥ್ಯಾಚ್ ರೇಕ್ ಸಾಕು, ಆದರೆ ಅದಕ್ಕೆ ರಟ್ಟೆಯ ಬಲ ಬೇಕು. ದೊಡ್ಡ ಮೈದಾನಕ್ಕೆ ಲಂಬವಾಗಿ ತಿರುಗುವ ಬ್ಲೇಡುಗಳ ಯಂತ್ರವಿದೆ. ನೆಲ ಗಟ್ಟಿಯಾಗಿದ್ದರೆ, ಟೊಳ್ಳು ಕೊಳವೆಗಳಿಂದ ಮಣ್ಣಿನ ಸಣ್ಣ ಸಣ್ಣ ತುಂಡುಗಳನ್ನು ಹೊರಗೆಳೆದು ಗಾಳಿಯಾಡಿಸುವ ಯಂತ್ರವೂ ಇದೆ. ಇವನ್ನು ಕೊಳ್ಳಬೇಡಿ. ವರ್ಷಕ್ಕೊಮ್ಮೆ ಅರ್ಧ ದಿನ ಬೇಕಾಗುವ ಯಂತ್ರಕ್ಕೆ ಉಳಿದ 364 ದಿನ ಕೋಣೆಯೊಂದನ್ನು ಕೊಡಬೇಕಾಗುತ್ತದೆ. ಗಾರ್ಡನ್ ಕಾಂಟ್ರಾಕ್ಟರುಗಳಲ್ಲಿ ಬಾಡಿಗೆಗೆ ವಿಚಾರಿಸಿ, ಅಥವಾ ನಾಲ್ಕು ಶಾಲೆಗಳು ಸೇರಿ ಒಂದೇ ವಾರದಲ್ಲಿ ಕೆಲಸ ಮಾಡಿಸಿಕೊಳ್ಳಿ.

ಕಾಲದ ಬಗ್ಗೆ ಒಂದು ಎಚ್ಚರಿಕೆ. ಹೊರದೇಶದಿಂದ ಬಂದ ಯಂತ್ರದ ಕೈಪಿಡಿಯಲ್ಲಿ ಈ ಕೆಲಸ ಶರತ್ಕಾಲದಲ್ಲಿ ಮಾಡಿ ಎಂದು ಬರೆದಿರಬಹುದು. ಅದು ಚಳಿ ನಾಡಿನ ಹುಲ್ಲಿಗೆ ಹೇಳಿದ ಮಾತು. ನಮ್ಮ ಹುಲ್ಲು ಬೆಚ್ಚನೆಯ ಹವೆಯಲ್ಲಿ, ಮಳೆ ಬಿದ್ದಾಗ ಹುರುಪಿನಿಂದ ಬೆಳೆಯುವಂಥದ್ದು. ಕೆರೆದ ಗಾಯ ಮಾಯಬೇಕಾದರೆ ಮುಂಗಾರು ಪೂರ್ವದ ಮಳೆ ಹನಿದು ನೆಲ ಹದವಾದ ಮೇಲೆ, ಮೇ ಕೊನೆ ಅಥವಾ ಜೂನ್‌ನಲ್ಲಿ ಮಾಡಬೇಕು. ಫೆಬ್ರವರಿಯ ಒಣಗಾಳಿಯಲ್ಲಿ ಕೆರೆದರೆ ಉಳಿಯುವುದು ಬೋಳು ನೆಲ.

ಊದುವ ಯಂತ್ರದ ಲಾಭ-ನಷ್ಟ

ಈಗ 'ಮೆಷಿನ್' ವಿಷಯಕ್ಕೆ ಬರೋಣ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಅಕ್ಟೋಬರ್‌ನಲ್ಲಿ ಹೋಗಿಬಂದ ಹಿರಿಯರು ಬೆನ್ನಿಗೆ ಯಂತ್ರ ಕಟ್ಟಿಕೊಂಡು ಎಲೆ ಊದುವವರನ್ನು ನೋಡಿರುತ್ತಾರೆ. ಅದರ ಕೊಳವೆಯಿಂದ ಗಾಳಿ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೊರಡುತ್ತದೆ. ಅಲ್ಲಿ ಎಲೆ ಕೆಲವೇ ವಾರಗಳಲ್ಲಿ ಉದುರಿ ಮುಗಿಯುತ್ತದೆ. ಇಲ್ಲಿ ತಿಂಗಳುಗಟ್ಟಲೆ ಉದುರುತ್ತದೆ, ಅದೂ ನೆಲ ಒಣಗಿ ಧೂಳೆದ್ದಿರುವ ಕಾಲದಲ್ಲಿ. ಎಲೆಯ ಜೊತೆಗೆ ಧೂಳೂ ಎದ್ದು ಕಿಟಕಿಯಿಂದ ತರಗತಿಯೊಳಗೆ ಬರುತ್ತದೆ.

ಪೆಟ್ರೋಲ್ ಬ್ಲೋವರ್‌ಗಳಲ್ಲಿ ಬಹುಪಾಲಿನವು ಟೂ-ಸ್ಟ್ರೋಕ್ ಎಂಜಿನ್ನಿನವು. ಹಳೆಯ ಸ್ಕೂಟರುಗಳ ನೀಲಿ ಹೊಗೆ ನೆನಪಿದೆಯಲ್ಲವೇ? ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಈ ಎಂಜಿನ್ನಿನಲ್ಲಿ ಇಂಧನದ ಗಣನೀಯ ಪಾಲು ಉರಿಯದೆಯೇ ಹೊರಬೀಳುತ್ತದೆ. 2011ರಲ್ಲಿ ಅಮೆರಿಕದ ಮೋಟಾರು ಪತ್ರಿಕೆ ಎಡ್ಮಂಡ್ಸ್ ಒಂದು ಹೋಲಿಕೆ ನಡೆಸಿತು. ಅದರಲ್ಲಿ ಚಿಕ್ಕದೊಂದು ಟೂ-ಸ್ಟ್ರೋಕ್ ಬ್ಲೋವರ್ ಭಾರೀ ಪಿಕಪ್ ಟ್ರಕ್ಕಿಗಿಂತ 23 ಪಟ್ಟು ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಉಗುಳಿತು. ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿ ಕಾನೂನು ಮಾಡಿ, 2024ರಿಂದ ಇಂಥ ಹೊಸ ಪೆಟ್ರೋಲ್ ಯಂತ್ರಗಳ ಮಾರಾಟವನ್ನು ನಿಲ್ಲಿಸಲು ಹೊರಟಿತು. ಅಲ್ಲಿಯವರೇ ಬೇಡವೆಂದು ಬಿಡುತ್ತಿರುವುದನ್ನು ನಾವು ಹೊಸದಾಗಿ ತಂದುಕೊಳ್ಳುವುದೇಕೆ?

ಸದ್ದಿನ ಮಾತೂ ಉಂಟು. ನಮ್ಮ ಶಬ್ದಮಾಲಿನ್ಯ ನಿಯಮಗಳಲ್ಲಿ ಶಾಲೆಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಪೆಟ್ರೋಲ್ ಬ್ಲೋವರ್ ಹಿಡಿದವರ ಕಿವಿಗೆ 90 ಡೆಸಿಬೆಲ್‌ಗೂ ಮೀರಿ ಬಡಿಯಬಹುದು. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಶಬ್ದದ ತೀವ್ರತೆ ಹತ್ತು ಪಟ್ಟು ಹೆಚ್ಚಾದಂತೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮನೆಯವರಿಗೆ ವಿವರಿಸಿ ಹೇಳಬೇಕು.

ಯಂತ್ರ ಬೇಕೇ ಬೇಕು ಎನ್ನುವಷ್ಟು ದೊಡ್ಡ ಆವರಣವಿದ್ದರೆ ಬ್ಯಾಟರಿಯದನ್ನು ನೋಡಿ. ಡಬ್ಬದ ಮೇಲೆ ಗಾಳಿಯ ವೇಗವನ್ನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ರಾಶಿ ಸರಿಸುವುದು ವೇಗ ಮಾತ್ರವಲ್ಲ, ಗಾಳಿಯ ಪ್ರಮಾಣವೂ ಹೌದು. ಎರಡನ್ನೂ ಕೇಳಿ. ಬ್ಯಾಟರಿ ಎಷ್ಟು ನಿಮಿಷ ಬರುತ್ತದೆ, ಬದಲಿ ಬ್ಯಾಟರಿಯ ಬೆಲೆ ಎಷ್ಟು, ರಿಪೇರಿ ನಮ್ಮೂರಿನಲ್ಲೇ ಆಗುತ್ತದೆಯೇ ಎಂಬುದನ್ನೂ ಕೇಳಿ. ತಳ್ಳಿಕೊಂಡು ಹೋದರೆ ಬ್ರಷ್ ತಿರುಗಿ ಎಲೆಯನ್ನು ಹಿಂದಿನ ಚೀಲಕ್ಕೆ ಹಾಕುವ ಗಾಡಿಯೂ ಇದೆ. ಅದಕ್ಕೆ ಪೆಟ್ರೋಲೂ ಬೇಡ, ಕರೆಂಟೂ ಬೇಡ. ಸಮತಟ್ಟಾದ ಮೈದಾನಕ್ಕೆ ಅದು ಒಳ್ಳೆಯ ಆಯ್ಕೆ.

ರಾಶಿ ಎಲ್ಲಿಗೆ?

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ತರಗೆಲೆ ಕಸವಲ್ಲ. ಸೊಪ್ಪಿನ ಬೆಟ್ಟದಿಂದ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವುದು ತಲೆಮಾರುಗಳ ಪದ್ಧತಿ. ಅದರ ಹಿಂದಿನ ಲೆಕ್ಕ ಸರಳ. ಒಣಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಗಣಿ, ಕತ್ತರಿಸಿದ ಹಸಿಹುಲ್ಲಿನಲ್ಲಿ ಸಾರಜನಕ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ರಾಶಿ ಮಾಡಿ ಒಣಎಲೆ, ಹಸಿಹುಲ್ಲು, ಸಗಣಿ ನೀರು ಪದರಪದರವಾಗಿ ಹಾಕಿ. ಕೆಲವು ದಿನಗಳಲ್ಲಿ ಒಳಗಿನ ಶಾಖ 55 ಡಿಗ್ರಿ ದಾಟಬಹುದು. ಪ್ರಯೋಗಾಲಯದ ಥರ್ಮಾಮೀಟರನ್ನು ಶಿಕ್ಷಕರ ಸಹಾಯದಿಂದ ಇಳಿಸಿ ನೋಡಿ. ಆಗಾಗ ಮಗುಚಿದರೆ ಕೆಲವೇ ತಿಂಗಳಲ್ಲಿ ಗೊಬ್ಬರ ಸಿದ್ಧ. ಅದನ್ನೇ ಜರಡಿ ಹಿಡಿದು ಹುಲ್ಲುಹಾಸಿನ ಮೇಲೆ ತೆಳುವಾಗಿ ಉದುರಿಸಿದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಒಣಪದರವನ್ನೂ ಕೊಳೆಯಿಸಲು ನೆರವಾಗುತ್ತವೆ. ಹೀಗಾಗಿ ಉಪಕರಣದ ಪಟ್ಟಿಯಲ್ಲಿ ಗೊಬ್ಬರದ ಗುಂಡಿಗೂ ಒಂದು ಸಾಲು ಇರಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮೈದಾನದ ಮೂಲೆಯಲ್ಲಿ ಸಮಗಾತ್ರದ ಎರಡು ಚೌಕಗಳನ್ನು ಗುರುತಿಸಿ. ಒಂದನ್ನು ಕಡ್ಡಿಪೊರಕೆಯಿಂದ, ಇನ್ನೊಂದನ್ನು ರೇಕ್‌ನಿಂದ ಗುಡಿಸಿ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ತೂಕದ ಎಲೆ ಬಂತು, ಎಷ್ಟು ಹಿಂದುಳಿಯಿತು ಎಂದು ಬರೆದಿಡಿ. ಪಾಲಕರ ಸಭೆಯ ಮುಂದೆ ಈ ಹಾಳೆ ಇಟ್ಟರೆ ಯಾವ ಕಂಪೆನಿಯ ಬಣ್ಣದ ಕರಪತ್ರಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪಾಲಕರಿಗೂ ಒಂದು ಮಾತು. ಹತ್ಯಾರನ್ನು ಆರಿಸುವುದು ಸಮಿತಿ, ಹಿಡಿಯುವುದು ಮಾಲಿ ಅಥವಾ ಆಯಾ. ಗಿಡ್ಡ ಪೊರಕೆ ಹಿಡಿದು ಬಗ್ಗಿ ಬಗ್ಗಿ ಗುಡಿಸುವವರ ಸೊಂಟನೋವು ಸಭೆಯ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಕೋಲು ನೆಲಕ್ಕೆ ಊರಿದಾಗ ಅವರ ಗಲ್ಲದ ಮಟ್ಟಕ್ಕೆ ಬರುವಷ್ಟಾದರೂ ಉದ್ದವಿರಬೇಕು, ಆಗ ನೆಟ್ಟಗೆ ನಿಂತು ಗುಡಿಸಬಹುದು. ಕೊಳ್ಳುವ ದಿನ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಕೈಯಲ್ಲಿ ಹಿಡಿದು ನಾಲ್ಕು ಬಾರಿ ಬೀಸಿ ನೋಡಲು ಹೇಳಿ. ಅವರು "ಇದು ಸರಿ ಹೋಗ್ತದೆ" ಎಂದ ಮೇಲೆ ಬಿಲ್ಲು ಮಾಡಿಸಿ. ಜೊತೆಗೊಂದು ಜೋಡಿ ಕೈಗವಸು, ಮೂಗಿಗೆ ಕಟ್ಟುವ ಬಟ್ಟೆ ಸೇರಿಸಿದರೆ ಖರ್ಚೇನೂ ಹೆಚ್ಚಾಗದು.